ಟ್ಯುನೀಷಿಯಾದ ಕ್ರಾಂತಿ: ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಅರಬ್ ಜಗತ್ತಿನ ಸುದ್ದಿ ಬಂದಾಗಲೆಲ್ಲ ಓದುಗರು ಟ್ಯುನೀಷಿಯಾದ ಬಗ್ಗೆ ಕೇಳುತ್ತಲೇ ಬಂದಿದ್ದಾರೆ. ಪತ್ರಗಳಲ್ಲಿ, ಮಾತುಕತೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವವು ಕೊನೆಗೆ.

## ಮೊದಲಿಗೆ

ಟ್ಯುನೀಷಿಯಾ ಆಫ್ರಿಕಾದ ದೇಶವೋ, ಅರಬ್ ದೇಶವೋ?

ಎರಡೂ ಹೌದು. ಆಫ್ರಿಕಾ ಖಂಡದ ಉತ್ತರದ ತುದಿಯಲ್ಲಿದೆ. ಒಂದು ಕಡೆ ಅಲ್ಜೀರಿಯಾ, ಇನ್ನೊಂದು ಕಡೆ ಲಿಬಿಯಾ, ಉಳಿದ ಕಡೆ ಮೆಡಿಟರೇನಿಯನ್ ಸಮುದ್ರ. ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ಚಿಕ್ಕದು, ಜನಸಂಖ್ಯೆ ಸುಮಾರು 1.2 ಕೋಟಿ. 1956ರ ಮಾರ್ಚ್ 20ರಂದು ಫ್ರಾನ್ಸಿನಿಂದ ಸ್ವತಂತ್ರವಾಯಿತು.

ಭೂಪಟ ನೋಡುವಾಗ ಒಂದು ವಿಷಯವನ್ನು ಮನಸ್ಸಿನಲ್ಲಿಡಿ. ರಾಜಧಾನಿ ಟ್ಯುನಿಸ್, ಸೂಸ್, ಸ್ಫಾಕ್ಸ್ ಎಲ್ಲವೂ ಕರಾವಳಿಯಲ್ಲಿವೆ. ಹೋಟೆಲು, ಕಾರ್ಖಾನೆ, ಒಳ್ಳೆಯ ಆಸ್ಪತ್ರೆ ಎಲ್ಲ ಅಲ್ಲೇ. ಸಿದಿ ಬೂಜಿದ್, ಕಾಸರೀನ್, ಗಾಫ್ಸಾದಂಥ ಒಳನಾಡಿನ ಜಿಲ್ಲೆಗಳಲ್ಲಿ ಆಲಿವ್ ತೋಟ, ಗಣಿ ಮತ್ತು ನಿರುದ್ಯೋಗ. ಕ್ರಾಂತಿ ಹುಟ್ಟಿದ್ದು ಒಳನಾಡಿನಲ್ಲಿ, ಅದರ ಫಲವನ್ನು ಹಂಚಿಕೊಂಡದ್ದು ಕರಾವಳಿಯಲ್ಲಿ. ಮುಂದಿನ ಹದಿನೈದು ವರ್ಷಗಳ ರಾಜಕೀಯದ ಬಹುಪಾಲು ಈ ಒಂದು ಜಗಳದ ಬೇರೆ ಬೇರೆ ರೂಪ ಎಂದೇ ನಾನು ಓದಿಕೊಂಡಿದ್ದೇನೆ.

ಗಾಡಿಯಲ್ಲಿ ಹಣ್ಣು ಮಾರುವ ಹುಡುಗನೊಬ್ಬ ಬೆಂಕಿ ಹಚ್ಚಿಕೊಂಡದ್ದಕ್ಕೆ ಇಡೀ ಸರ್ಕಾರವೇ ಬಿತ್ತೇ?

ಅದೊಂದರಿಂದಲೇ ಬೀಳಲಿಲ್ಲ. ಆದರೆ ಅಲ್ಲಿಂದಲೇ ಶುರುವಾದದ್ದು ನಿಜ. 26 ವರ್ಷದ ಮೊಹಮ್ಮದ್ ಬೊವಾಜಿಜಿ ಸಿದಿ ಬೂಜಿದ್ ಪಟ್ಟಣದಲ್ಲಿ ತಳ್ಳುಗಾಡಿಯಲ್ಲಿ ಹಣ್ಣು ತರಕಾರಿ ಮಾರುತ್ತಿದ್ದ. 2010ರ ಡಿಸೆಂಬರ್ 17ರಂದು ನಗರಸಭೆಯ ತಪಾಸಣೆಯವರು ಅವನ ಸರಕು ಮತ್ತು ತಕ್ಕಡಿಯನ್ನು ಕಿತ್ತುಕೊಂಡರು. ತಕ್ಕಡಿಯಾದರೂ ವಾಪಸು ಕೊಡಿ ಎಂದು ಅವನು ಕಚೇರಿಗೆ ಹೋದರೆ ಕೇಳುವವರಿರಲಿಲ್ಲ. ಗವರ್ನರ್ ಕಚೇರಿಯ ಎದುರೇ ಮೈಮೇಲೆ ಇಂಧನ ಸುರಿದುಕೊಂಡು ಬೆಂಕಿ ಹಚ್ಚಿಕೊಂಡ. 2011ರ ಜನವರಿ 4ರಂದು ಆಸ್ಪತ್ರೆಯಲ್ಲಿ ತೀರಿಕೊಂಡ.

ಅವನ ಸುತ್ತ ಹಬ್ಬಿದ ಕೆಲವು ಮಾತುಗಳು ನಿಜವಲ್ಲ. ಅವನು ಕೆಲಸ ಸಿಗದ ಪದವೀಧರ ಎಂದು ಜಗತ್ತೆಲ್ಲ ಬರೆಯಿತು. ವಾಸ್ತವದಲ್ಲಿ ಪ್ರೌಢಶಾಲೆಯನ್ನೂ ಮುಗಿಸಿರಲಿಲ್ಲ. ತಪಾಸಣೆಯ ಮಹಿಳೆ ಕೆನ್ನೆಗೆ ಹೊಡೆದಳೆಂಬ ಆರೋಪ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 2011ರ ಏಪ್ರಿಲ್‌ನಲ್ಲಿ ಆಕೆಯ ಬಿಡುಗಡೆಯಾಯಿತು.

ಡಿಸೆಂಬರ್ 22ರಂದು ಅದೇ ಊರಿನಲ್ಲಿ ಇನ್ನೊಬ್ಬ ಯುವಕ ನಿರುದ್ಯೋಗಕ್ಕೆ ಧಿಕ್ಕಾರ ಕೂಗುತ್ತ ವಿದ್ಯುತ್ ಕಂಬ ಹತ್ತಿ ತಂತಿ ಹಿಡಿದ. 24ರಂದು ಮೆಂಜೆಲ್ ಬೂಜಯಾನ್‌ನಲ್ಲಿ ಪೊಲೀಸರ ಗುಂಡಿಗೆ ಪ್ರತಿಭಟನಾಕಾರರು ಬಿದ್ದರು. ಜನವರಿ ಎರಡನೇ ವಾರದಲ್ಲಿ ತಾಲಾ ಮತ್ತು ಕಾಸರೀನ್‌ನಲ್ಲಿ ಹೆಣಗಳ ಸಾಲೇ ಬಿತ್ತು. ಸಾವಿನ ಮೆರವಣಿಗೆಗಳೇ ಮರುದಿನದ ಪ್ರತಿಭಟನೆಗಳಾದವು. ಇದರ ನಡುವೆ ಅಧ್ಯಕ್ಷ ಬೆನ್ ಅಲಿ ಆಸ್ಪತ್ರೆಗೆ ಹೋಗಿ, ಅಡಿಯಿಂದ ಮುಡಿಯವರೆಗೆ ಬ್ಯಾಂಡೇಜು ಸುತ್ತಿದ ಬೊವಾಜಿಜಿಯ ಮಂಚದ ಪಕ್ಕ ನಿಂತು ಫೋಟೊ ತೆಗೆಸಿಕೊಂಡ. ಕರುಣೆ ತೋರಿಸಲು ತೆಗೆಸಿದ ಆ ಚಿತ್ರ ಸುಡುವ ಗಾಯಕ್ಕೆ ಉಪ್ಪು ಸವರಿತು.

ಬೆನ್ ಅಲಿ ಕಾಲದಲ್ಲಿ ದೇಶ ಚೆನ್ನಾಗಿಯೇ ಇತ್ತಲ್ಲ? ವಿಶ್ವಬ್ಯಾಂಕ್ ಕೂಡ ಹೊಗಳಿತ್ತಲ್ಲ?

ಹೊಗಳಿತ್ತು. ರಸ್ತೆ ಚೆನ್ನಾಗಿತ್ತು, ಹುಡುಗಿಯರು ಕಾಲೇಜಿಗೆ ಹೋಗುತ್ತಿದ್ದರು, ಪ್ರವಾಸಿಗರು ಬರುತ್ತಿದ್ದರು, ಆರ್ಥಿಕತೆ ವರ್ಷಕ್ಕೆ ಶೇ 5ರ ಆಸುಪಾಸು ಬೆಳೆಯುತ್ತಿತ್ತು. ಆದರೆ ಬೆಳೆದದ್ದು ಯಾರ ಮನೆಗೆ ಹೋಗುತ್ತಿತ್ತು ಎಂಬುದನ್ನು ಅದೇ ವಿಶ್ವಬ್ಯಾಂಕ್ 2014ರಲ್ಲಿ, ಎಲ್ಲ ಮುಗಿದ ಮೇಲೆ, ಲೆಕ್ಕ ಹಾಕಿತು. ಬೆನ್ ಅಲಿ ಬಳಗಕ್ಕೆ ಸೇರಿದ ಸುಮಾರು 220 ಕಂಪನಿಗಳು ಖಾಸಗಿ ವಲಯದ ಒಟ್ಟು ಲಾಭದ ಶೇ 21ರಷ್ಟನ್ನು ಬಾಚಿಕೊಳ್ಳುತ್ತಿದ್ದವು. ಅವು ಕೊಟ್ಟ ಉದ್ಯೋಗ ಮಾತ್ರ ಲೆಕ್ಕಕ್ಕೇ ಇಲ್ಲದಷ್ಟು. ಲೈಸೆನ್ಸ್ ನಿಯಮಗಳನ್ನೇ ಅವರ ಅಳತೆಗೆ ಹೊಲಿಸಲಾಗಿತ್ತು.

2010ರ ಕೊನೆಯಲ್ಲಿ ವಿಕಿಲೀಕ್ಸ್ ಬಯಲು ಮಾಡಿದ ಅಮೆರಿಕದ ರಾಯಭಾರಿಯ ವರದಿಯೊಂದರಲ್ಲಿ ಅಧ್ಯಕ್ಷರ ಅಳಿಯ ಸಖರ್ ಅಲ್ ಮಾತ್ರಿಯ ಮನೆಯ ಊಟದ ವರ್ಣನೆಯಿದೆ. ಐಸ್‌ಕ್ರೀಮು, ಮೊಸರು ಫ್ರಾನ್ಸಿನಿಂದ ವಿಮಾನದಲ್ಲಿ ಬಂದಿದ್ದವು. ಪಂಜರದಲ್ಲಿ ಒಂದು ಸಾಕಿದ ಹುಲಿ, ಅದಕ್ಕೆ ದಿನಕ್ಕೆ ನಾಲ್ಕು ಕೋಳಿ. ಅಧ್ಯಕ್ಷರ ಹೆಂಡತಿ ಲೈಲಾ ತ್ರಾಬೆಲ್ಸಿಯ ತವರಿನವರ ಬಗ್ಗೆ ಜನ ಪಿಸುಗುಟ್ಟುತ್ತಿದ್ದದ್ದಕ್ಕೆ ಈಗ ಲಿಖಿತ ಸಾಕ್ಷಿ ಸಿಕ್ಕಿತು.

ಬಾಯಿ ಬಿಟ್ಟವರಿಗೆ ಜೈಲಿತ್ತು. ಚುನಾವಣೆ ನಡೆಯುತ್ತಿರಲಿಲ್ಲವೆಂದಲ್ಲ. 1999ರಲ್ಲಿ ಬೆನ್ ಅಲಿಗೆ ಶೇ 99.45 ಮತ ಬಂತು, 2009ರಲ್ಲಿ ಶೇ 89.62. ಹತ್ತು ವರ್ಷದಲ್ಲಿ ಅಷ್ಟಾದರೂ ಸಂಕೋಚ ಬಂದಿತ್ತು ಎನ್ನೋಣ.

ಕ್ರಾಂತಿಯ ದಿನ ಡಿಸೆಂಬರ್ 17 ಎಂದು ಕೆಲವರು, ಜನವರಿ 14 ಎಂದು ಕೆಲವರು ಬರೆಯುತ್ತಾರೆ. ಯಾವುದು ಸರಿ?

ಬೊವಾಜಿಜಿ ಬೆಂಕಿ ಹಚ್ಚಿಕೊಂಡದ್ದು ಮೊದಲನೆಯ ದಿನ, ಬೆನ್ ಅಲಿ ಸೌದಿ ಅರೇಬಿಯಾಕ್ಕೆ ಓಡಿಹೋದದ್ದು ಎರಡನೆಯ ದಿನ. ಟ್ಯುನಿಸ್‌ನವರಿಗೆ ಜನವರಿ 14 ದೊಡ್ಡದು, ಬೂರ್ಗಿಬಾ ಅವೆನ್ಯೂ ತುಂಬಿದ್ದು ಅಂದು. ಸಿದಿ ಬೂಜಿದ್‌ನವರಿಗೆ ಅದು ನಾಲ್ಕು ವಾರ ತಡವಾಗಿ ಬಂದವರ ಹಬ್ಬ. 2021ರಲ್ಲಿ ಅಧ್ಯಕ್ಷ ಕೈಸ್ ಸಯೀದ್ ರಜೆಯನ್ನು ಡಿಸೆಂಬರ್ 17ಕ್ಕೆ ಬದಲಾಯಿಸಿದರು. ಜನವರಿ 14ರ ನಂತರ ಕ್ರಾಂತಿಯನ್ನು ಅಪಹರಿಸಲಾಯಿತು ಎಂಬುದು ಅವರ ವಾದ.

ಹೊರಗಿನ ಪತ್ರಿಕೆಗಳು ಇಟ್ಟ 'ಮಲ್ಲಿಗೆ ಕ್ರಾಂತಿ' ಎಂಬ ಹೆಸರು ಒಳನಾಡಿನವರಿಗೆ ಹಿಡಿಸುವುದಿಲ್ಲ. ಅವರ ಕೂಗು ಕೆಲಸ, ಸ್ವಾತಂತ್ರ್ಯ, ಘನತೆ ಎಂದಿತ್ತು. ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಪ್ಯಾರಿಸ್ಸಿನವರು ಮಲ್ಲಿಗೆ ಮುಡಿಸಿದರು.

## ಆ ನಾಲ್ಕು ವಾರಗಳ ಒಳಗೆ

ಇದು ಫೇಸ್‌ಬುಕ್ ಕ್ರಾಂತಿ ತಾನೇ?

ಅರ್ಧ ಸತ್ಯ. ಯೂಟ್ಯೂಬ್ ಮುಚ್ಚಿದ್ದ ಆ ದೇಶದಲ್ಲಿ ಫೇಸ್‌ಬುಕ್ ತೆರೆದಿತ್ತು. ಒಳನಾಡಿನ ಊರುಗಳಿಂದ ಮೊಬೈಲಿನಲ್ಲಿ ತೆಗೆದ ದೃಶ್ಯ ಅಲ್ಲಿಗೆ ಏರುತ್ತಿತ್ತು, ಅಲ್ಲಿಂದ ಅಲ್ ಜಜೀರಾ ಎತ್ತಿಕೊಳ್ಳುತ್ತಿತ್ತು, ಟಿ.ವಿ. ಮೂಲಕ ಮನೆಮನೆಗೆ ಮರಳುತ್ತಿತ್ತು.

ಆದರೆ ರಾತ್ರಿ ಕೂಡಿ ಮಾತನಾಡಲು ಒಂದು ಕೋಣೆ, ಮರುದಿನದ ಮುಷ್ಕರಕ್ಕೆ ಒಂದು ಕರೆ, ಬಂಧಿತರ ಪರ ಒಬ್ಬ ವಕೀಲ: ಇವನ್ನು ಫೇಸ್‌ಬುಕ್ ಕೊಡುವುದಿಲ್ಲ. ಕೊಟ್ಟದ್ದು ಯುಜಿಟಿಟಿ ಎಂಬ ಕಾರ್ಮಿಕ ಸಂಘಟನೆ. 1946ರಲ್ಲಿ ಫರ್ಹತ್ ಹಶಾದ್ ಕಟ್ಟಿದ ಈ ಸಂಘಟನೆ ಸ್ವಾತಂತ್ರ್ಯ ಹೋರಾಟದಲ್ಲೂ ಇತ್ತು. ಅದರ ಟ್ಯುನಿಸ್ ನಾಯಕರು ಬೆನ್ ಅಲಿ ಜೊತೆ ಹೊಂದಿಕೊಂಡೇ ಇದ್ದರು. ಜಿಲ್ಲಾ ಶಾಖೆಗಳ ಶಿಕ್ಷಕರು, ಅಂಚೆ ನೌಕರರು ಕೇಳಲಿಲ್ಲ. ಜನವರಿ 12ರಂದು ಸ್ಫಾಕ್ಸ್‌ನಲ್ಲಿ ಸಾರ್ವತ್ರಿಕ ಮುಷ್ಕರ ನಡೆದು ಜನಸಾಗರ ಹರಿದಾಗಲೇ ಆಟ ಮುಗಿದಿತ್ತು. 2008ರಲ್ಲಿ ಗಾಫ್ಸಾದ ಗಣಿ ಪ್ರದೇಶದಲ್ಲಿ ನೇಮಕಾತಿ ಅಕ್ರಮದ ವಿರುದ್ಧ ತಿಂಗಳುಗಟ್ಟಲೆ ನಡೆದ ದಂಗೆಯನ್ನು ಸರ್ಕಾರ ಹೊರಗೆ ಸುದ್ದಿಯಾಗದಂತೆ ತುಳಿದಿತ್ತು. ಆ ಪಾಠ ಇಲ್ಲಿ ಕೆಲಸಕ್ಕೆ ಬಂತು.

ಸೇನಾ ಮುಖ್ಯಸ್ಥರು ಗುಂಡು ಹಾರಿಸಲು ಒಪ್ಪಲಿಲ್ಲವಂತೆ, ನಿಜವೇ?

ಜನರಲ್ ರಶೀದ್ ಅಮ್ಮಾರ್ ಬೆನ್ ಅಲಿಗೆ 'ಆಗುವುದಿಲ್ಲ' ಎಂದರೆಂಬ ಕಥೆ ಎಲ್ಲೆಡೆ ಹಬ್ಬಿತು. ಅದನ್ನು ಹುಟ್ಟಿಸಿದ್ದು ತಾನೇ ಎಂದು ಬ್ಲಾಗ್ ಬರೆಯುತ್ತಿದ್ದ ಒಬ್ಬ ಯುವಕ ಆಮೇಲೆ ಹೇಳಿಕೊಂಡ. ಸೇನೆಗೆ ಅಂಥ ಆದೇಶ ಬಂದಿತ್ತೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಸೇನೆ ಜನರ ಮೇಲೆ ತಿರುಗಿಬೀಳಲಿಲ್ಲ ಎಂಬುದಷ್ಟೇ ನಿಶ್ಚಿತ. ಅದು ಚಿಕ್ಕದು, ವ್ಯಾಪಾರ ವಹಿವಾಟಿಲ್ಲದ್ದು, ಬೆನ್ ಅಲಿ ಪೊಲೀಸರನ್ನು ಕೊಬ್ಬಿಸಿ ಸೇನೆಯನ್ನು ಒಣಗಿಸಿದ್ದ. ಅವನಿಗಾಗಿ ಕೈ ರಕ್ತ ಮಾಡಿಕೊಳ್ಳುವ ಋಣ ಅದಕ್ಕಿರಲಿಲ್ಲ.

ಇದಕ್ಕಿಂತ ಕುತೂಹಲದ್ದು ಜನವರಿ 14ರ ಮಧ್ಯಾಹ್ನ ವಿಮಾನ ನಿಲ್ದಾಣದಲ್ಲಿ ನಡೆಯಿತು. ದೇಶ ಬಿಡಲು ಬಂದಿದ್ದ ತ್ರಾಬೆಲ್ಸಿ ಕುಟುಂಬದವರನ್ನು ಭಯೋತ್ಪಾದನಾ ನಿಗ್ರಹ ಪೊಲೀಸ್ ಪಡೆಯ ಸಮೀರ್ ತರ್ಹೂನಿ ಮೇಲಿನವರ ಅಪ್ಪಣೆಯಿಲ್ಲದೆ ತಡೆದು ಹಿಡಿದಿಟ್ಟರು. ಅರಮನೆಯಲ್ಲಿ ಗೊಂದಲ. ಯಾರು ಯಾರ ಕಡೆ ಎಂಬುದೇ ತಿಳಿಯದಾಯಿತು. ಸಂಜೆಗೆ ಬೆನ್ ಅಲಿ ವಿಮಾನ ಹತ್ತಿದ. ಕುಟುಂಬವನ್ನು ಬಿಟ್ಟು ತಕ್ಷಣ ಮರಳುವ ಯೋಚನೆಯಿತ್ತೆಂದು ಅವನ ಕಡೆಯವರು ಹೇಳುತ್ತ ಬಂದರು. ಮರಳಲಿಲ್ಲ. 2019ರ ಸೆಪ್ಟೆಂಬರ್ 19ರಂದು ಸೌದಿಯಲ್ಲೇ ಸತ್ತ.

## ಬಿದ್ದ ಮೇಲೆ

ಇಸ್ಲಾಮಿ ಪಕ್ಷ ಗೆದ್ದಿತಲ್ಲ, ಷರಿಯಾ ಏಕೆ ಬರಲಿಲ್ಲ?

2011ರ ಅಕ್ಟೋಬರ್ 23ರ ಸಂವಿಧಾನ ಸಭೆಯ ಚುನಾವಣೆಯಲ್ಲಿ ಎನ್ನಹದಾ 217ರಲ್ಲಿ 89 ಸ್ಥಾನ ಗೆದ್ದಿತು. ದೊಡ್ಡ ಪಕ್ಷ, ಆದರೆ ಬಹುಮತವಿಲ್ಲ. ಎರಡು ಸೆಕ್ಯುಲರ್ ಪಕ್ಷಗಳನ್ನು ಜೊತೆಗಿಟ್ಟುಕೊಂಡು ಸರ್ಕಾರ ಮಾಡಿತು. ಇಪ್ಪತ್ತು ವರ್ಷ ಲಂಡನ್ನಿನಲ್ಲಿ ದೇಶಭ್ರಷ್ಟರಾಗಿದ್ದು ಮರಳಿದ್ದ ನಾಯಕ ರಾಶಿದ್ ಘನ್ನೂಶಿ ಲೆಕ್ಕಾಚಾರದ ಮನುಷ್ಯ. 2012ರ ಮಾರ್ಚ್‌ನಲ್ಲಿ, ಸಂವಿಧಾನದಲ್ಲಿ ಷರಿಯಾ ಉಲ್ಲೇಖ ಬೇಡವೆಂದು ಪಕ್ಷ ಒಪ್ಪಿತು.

ಮಹಿಳೆಯನ್ನು ಪುರುಷನಿಗೆ 'ಪೂರಕ' ಎನ್ನುವ ಕರಡು ವಾಕ್ಯ ಅದೇ ಆಗಸ್ಟ್‌ನಲ್ಲಿ ಬಂದಾಗ ಸಾವಿರಾರು ಹೆಂಗಸರು ಬೀದಿಗಿಳಿದರು, ವಾಕ್ಯ ಬಿದ್ದುಹೋಯಿತು. ಅವರ ಬೆನ್ನಿಗೆ ಅರ್ಧ ಶತಮಾನದ ಅಭ್ಯಾಸವಿತ್ತು. ಸ್ವತಂತ್ರ ಟ್ಯುನೀಷಿಯಾದ ಮೊದಲ ನಾಯಕ ಹಬೀಬ್ ಬೂರ್ಗಿಬಾ 1956ರಲ್ಲೇ ಬಹುಪತ್ನಿತ್ವವನ್ನು ನಿಷೇಧಿಸಿ, ವಿಚ್ಛೇದನವನ್ನು ನ್ಯಾಯಾಲಯಕ್ಕೆ ಒಪ್ಪಿಸಿದ್ದರು. 2018ರ ಸ್ಥಳೀಯ ಚುನಾವಣೆಯಲ್ಲಿ ಗೆದ್ದವರಲ್ಲಿ ಶೇ 47ರಷ್ಟು ಮಹಿಳೆಯರು. ಟ್ಯುನಿಸ್‌ನ ಮೊದಲ ಮಹಿಳಾ ಮೇಯರ್ ಸುಆದ್ ಅಬ್ದುರ್ರಹೀಮ್ ಎನ್ನಹದಾದವರೇ. ಉತ್ತರಾಧಿಕಾರದಲ್ಲಿ ಸಮಪಾಲು ಕೊಡುವ ಮಸೂದೆ ಮಾತ್ರ ಇಂದಿಗೂ ದಡ ಮುಟ್ಟಿಲ್ಲ.

ನೊಬೆಲ್ ಪ್ರಶಸ್ತಿ ಬಂದದ್ದು ಯಾರಿಗೆ, ಯಾವ ಕೆಲಸಕ್ಕೆ?

2013ರಲ್ಲಿ ದೇಶ ಅಂತರ್ಯುದ್ಧದ ಹೊಸ್ತಿಲಿಗೆ ಬಂದಿತ್ತು. ಫೆಬ್ರುವರಿ 6ರಂದು ಎಡಪಂಥೀಯ ನಾಯಕ ಶುಕ್ರಿ ಬೆಲಯೀದ್, ಜುಲೈ 25ರಂದು ಸಂವಿಧಾನ ಸಭೆಯ ವಿರೋಧ ಪಕ್ಷದ ಸದಸ್ಯ ಮೊಹಮ್ಮದ್ ಬ್ರಾಹ್ಮಿ ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು. ಎರಡರ ನಡುವೆ, ಜುಲೈ 3ರಂದು, ಈಜಿಪ್ಟಿನಲ್ಲಿ ಸೇನೆ ಇಸ್ಲಾಮಿಗಳ ಕಡೆಯಿಂದ ಗೆದ್ದು ಬಂದಿದ್ದ ಅಧ್ಯಕ್ಷ ಮೊಹಮ್ಮದ್ ಮೊರ್ಸಿಯನ್ನು ಕಿತ್ತೊಗೆಯಿತು. ಎನ್ನಹದಾಕ್ಕೆ ಅದು ತನ್ನ ಮುಂದಿನ ಗತಿಯಂತೆ ಕಂಡಿತು.

ಆಗ ಯುಜಿಟಿಟಿ, ಉದ್ಯಮಿಗಳ ಸಂಘ, ಮಾನವ ಹಕ್ಕುಗಳ ಒಕ್ಕೂಟ ಮತ್ತು ವಕೀಲರ ಸಂಘ ಸೇರಿ ಎಲ್ಲ ಪಕ್ಷಗಳನ್ನೂ ಒಂದು ಮೇಜಿಗೆ ಕೂರಿಸಿದವು. ಮುಷ್ಕರ ಹೂಡುವವರೂ ಮಾಲೀಕರೂ ಒಂದೇ ಕಡೆ ಕೂತದ್ದೇ ಸೋಜಿಗ. ಎನ್ನಹದಾ ಅಧಿಕಾರ ಬಿಟ್ಟಿತು. 2014ರ ಜನವರಿ 26ರಂದು ಸಭೆಯ 200 ಮಂದಿ ಹೊಸ ಸಂವಿಧಾನಕ್ಕೆ ಹೌದು ಎಂದರು, 12 ಮಂದಿ ಅಲ್ಲ ಎಂದರು. 2015ರ ಶಾಂತಿ ನೊಬೆಲ್ ಆ ನಾಲ್ಕೂ ಸಂಸ್ಥೆಗಳಿಗೆ ಸಂದಿತು.

ಇಷ್ಟೆಲ್ಲ ಸರಿಯಾಗಿದ್ದದ್ದು ಮತ್ತೆ ಹಾಳಾದದ್ದು ಹೇಗೆ?

ಮೇಜಿನ ಮೇಲೆ ಧರ್ಮ, ಸಂವಿಧಾನ, ಸ್ಥಾನ ಹಂಚಿಕೆ ಇದ್ದವು. ಬೊವಾಜಿಜಿಯ ಊರಿನ ಕೆಲಸ ಇರಲಿಲ್ಲ. ಸಂಧಾನದ ಆ ಕಲೆಯೇ ಆಮೇಲೆ ರೋಗವಾಯಿತು ಎಂಬುದು ನನ್ನ ಅಭಿಪ್ರಾಯ. 2014ರಲ್ಲಿ ಗೆದ್ದ ನಿದಾ ತೂನಿಸ್ ಪಕ್ಷ ಎನ್ನಹದಾವನ್ನು ತಡೆಯುತ್ತೇನೆಂದು ಮತ ಕೇಳಿ, ಗೆದ್ದೊಡನೆ ಅದರೊಂದಿಗೇ ಸರ್ಕಾರ ಮಾಡಿತು. ಎಲ್ಲರೂ ಒಳಗಿದ್ದಾಗ ವಿರೋಧಿಸುವವರು ಯಾರು? 2017ರಲ್ಲಿ ಹಿಂದಿನ ಆಡಳಿತದ ಅಧಿಕಾರಿಗಳಿಗೆ ಕ್ಷಮೆ ನೀಡುವ ಕಾನೂನೂ ಬಂತು.

2015ರಲ್ಲಿ ಬಾರ್ದೊ ಮ್ಯೂಸಿಯಂ ಮತ್ತು ಸೂಸ್ ಕಡಲತೀರದ ಭಯೋತ್ಪಾದಕ ದಾಳಿಗಳು ಪ್ರವಾಸೋದ್ಯಮದ ಬೆನ್ನು ಮುರಿದವು. ಗಣಿ ಊರುಗಳಲ್ಲಿ ಕೆಲಸ ಕೇಳಿ ಯುವಕರು ರೈಲು ಹಳಿಗಳ ಮೇಲೆ ಕುಳಿತರು, 2010ರಲ್ಲಿ ಸುಮಾರು 80 ಲಕ್ಷ ಟನ್ ಇದ್ದ ಫಾಸ್ಫೇಟ್ ಉತ್ಪಾದನೆ ಮರುವರ್ಷ ಮೂರನೇ ಒಂದು ಭಾಗಕ್ಕೆ ಕುಸಿದು, ಹಿಂದಿನ ಮಟ್ಟ ಮುಟ್ಟಲೇ ಇಲ್ಲ. ಸರ್ಕಾರಗಳು ಶಾಂತಿ ಕೊಳ್ಳಲು ಸರ್ಕಾರಿ ನೌಕರಿ ಹಂಚಿದವು, ಸಂಬಳಕ್ಕೆ ಸಾಲ ತಂದವು. 2021ರ ಬೇಸಿಗೆಯಲ್ಲಿ ಕೊರೊನಾ ಹೆಣ ಕೆಡವುತ್ತಿದ್ದಾಗ ಸಂಸತ್ತಿನಲ್ಲಿ ಸದಸ್ಯರು ಕೈಕೈ ಮಿಲಾಯಿಸುತ್ತಿದ್ದುದನ್ನು ಜನ ನೇರ ಪ್ರಸಾರದಲ್ಲಿ ನೋಡಿದರು.

## ತೊಡಕಿನ ಪ್ರಶ್ನೆಗಳು

ಕೈಸ್ ಸಯೀದ್ ಮಾಡಿದ್ದು ಸಂವಿಧಾನದ ಪ್ರಕಾರವೇ, ಅಥವಾ ಅಧಿಕಾರ ಕಬಳಿಕೆಯೇ?

ಕಬಳಿಕೆ. ಆದರೆ ಅದು ನಡೆಯಲು ಬಾಗಿಲು ತೆರೆದಿಟ್ಟವರು ಬೇರೆ.

ಸಯೀದ್ ಸಂವಿಧಾನ ಶಾಸ್ತ್ರ ಪಾಠ ಹೇಳುತ್ತಿದ್ದ ಮೇಷ್ಟರು, ಪಕ್ಷವಿಲ್ಲ, ಹಣವಿಲ್ಲ. 2019ರಲ್ಲಿ ಶೇ 72ಕ್ಕೂ ಹೆಚ್ಚು ಮತ ಪಡೆದು ಅಧ್ಯಕ್ಷರಾದರು. 2021ರ ಜುಲೈ 25ರ ರಾತ್ರಿ ಸಂವಿಧಾನದ 80ನೇ ವಿಧಿಯನ್ನು ಹೆಸರಿಸಿ ಪ್ರಧಾನಿಯನ್ನು ವಜಾ ಮಾಡಿ ಸಂಸತ್ತನ್ನು ಅಮಾನತಿನಲ್ಲಿಟ್ಟರು. ಆ ವಿಧಿ ಹೇಳುವುದೇ ಬೇರೆ. ತುರ್ತುಸ್ಥಿತಿಯಲ್ಲಿ ಸಂಸತ್ತು ನಿರಂತರ ಅಧಿವೇಶನದಲ್ಲಿರಬೇಕು, 30 ದಿನಗಳ ನಂತರ ತುರ್ತುಸ್ಥಿತಿ ಮುಂದುವರಿಯಬೇಕೇ ಎಂದು ಸಂವಿಧಾನ ನ್ಯಾಯಾಲಯವನ್ನು ಕೇಳಬಹುದು.

ಆ ನ್ಯಾಯಾಲಯವೇ ಇರಲಿಲ್ಲ! 12 ನ್ಯಾಯಾಧೀಶರಲ್ಲಿ ನಾಲ್ವರನ್ನು ಸಂಸತ್ತು ಮೂರನೇ ಎರಡರ ಬಹುಮತದಿಂದ, ಅಂದರೆ 145 ಮತಗಳಿಂದ, ಆರಿಸಬೇಕಿತ್ತು. ನನ್ನವನು ನಿನ್ನವನು ಎಂದು ಕಿತ್ತಾಡಿ ಏಳು ವರ್ಷಗಳಲ್ಲಿ ಒಬ್ಬರನ್ನಷ್ಟೇ ಆರಿಸಿದರು. 2021ರ ವಸಂತದಲ್ಲಿ ತರಾತುರಿಯಿಂದ ನಿಯಮ ಸಡಿಲಿಸಲು ಹೋದಾಗ, ಗಡುವು ಮೀರಿದೆ ಎಂದು ಸಯೀದ್ ಸಹಿ ಹಾಕಲಿಲ್ಲ. ಹೀಗಾಗಿ ಜುಲೈ 25ರಂದು ಸಂವಿಧಾನದ ಅರ್ಥ ಹೇಳುವ ಅಧಿಕಾರ ಉಳಿದದ್ದು ಒಬ್ಬರಿಗೇ, ಅದನ್ನು ಮುರಿಯುತ್ತಿದ್ದವರಿಗೆ.

ಆ ನಸುಕಿನಲ್ಲಿ ಸಂಸತ್ತಿನ ಸ್ಪೀಕರ್ ಘನ್ನೂಶಿ ಬಾರ್ದೊದಲ್ಲಿರುವ ಸಂಸತ್ ಭವನದ ಗೇಟಿಗೆ ಬಂದರೆ ಒಳಗೆ ಸೇನೆಯ ವಾಹನ. ಬಿಡಲಿಲ್ಲ. ಕಾರಿನಲ್ಲೇ ಕುಳಿತು ಜನ ಬರಲೆಂದು ಕಾದರು. ಬಂದವರು ಕೆಲವೇ ಮಂದಿ. ಉಳಿದ ಊರು ಹಾರ್ನ್ ಬಾರಿಸುತ್ತ, ಪಟಾಕಿ ಹೊಡೆಯುತ್ತ ಸಂಸತ್ತು ಮುಚ್ಚಿದ್ದಕ್ಕೆ ಸಂಭ್ರಮಿಸುತ್ತಿತ್ತು.

ಹಾಗಾದರೆ ಈಗ ಮತ್ತೆ ಬೆನ್ ಅಲಿ ಕಾಲವೇ?

ಹೋಲಿಕೆಗಳಿವೆ. 2022ರ ಜುಲೈ 25ರ ಜನಮತಗಣನೆಯಲ್ಲಿ ಹೊಸ ಸಂವಿಧಾನಕ್ಕೆ ಶೇ 94ಕ್ಕೂ ಹೆಚ್ಚು ಒಪ್ಪಿಗೆ ಬಂತು, ಮತ ಹಾಕಿದವರು ಶೇ 30ರಷ್ಟು. ಕರಡು ಸಮಿತಿಯ ಮುಖ್ಯಸ್ಥ ಸಾದಕ್ ಬೆಲಯೀದ್ ಅವರೇ, ಪ್ರಕಟವಾದದ್ದು ನಾವು ಬರೆದುಕೊಟ್ಟದ್ದಲ್ಲ ಎಂದರು. ಅದೇ ಡಿಸೆಂಬರ್‌ನ ಸಂಸತ್ ಚುನಾವಣೆಗೆ ಬಂದವರು ಶೇ 11. 2024ರ ಅಕ್ಟೋಬರ್‌ನಲ್ಲಿ ಸಯೀದ್ ಶೇ 90ಕ್ಕೂ ಹೆಚ್ಚು ಮತದಿಂದ ಮತ್ತೆ ಗೆದ್ದರು, ಎದುರಾಳಿಗಳಲ್ಲಿ ಒಬ್ಬರು ಜೈಲಿನಿಂದಲೇ ಸ್ಪರ್ಧಿಸಿದ್ದರು. 'ಸುಳ್ಳು ಸುದ್ದಿ'ಗೆ ಐದು ವರ್ಷ ಶಿಕ್ಷೆ ಕೊಡುವ 54ನೇ ಆದೇಶ ಪತ್ರಕರ್ತರ, ವಕೀಲರ ತಲೆಯ ಮೇಲೆ ತೂಗುತ್ತಿದೆ. 2025ರ ಏಪ್ರಿಲ್‌ನಲ್ಲಿ 'ಪಿತೂರಿ' ಪ್ರಕರಣದಲ್ಲಿ 66 ವರ್ಷಗಳವರೆಗೂ ಸಜೆ ವಿಧಿಸಲಾಯಿತು.

ವ್ಯತ್ಯಾಸವೂ ಇದೆ. ಬೆನ್ ಅಲಿಗೆ ಒಂದು ಪಕ್ಷ, ಒಂದು ಕುಟುಂಬ, ಒಂದು ಕೊಳ್ಳೆಯ ಜಾಲವಿತ್ತು. ಸಯೀದ್ ಅವರಿಗೆ ಪಕ್ಷವೇ ಇಲ್ಲ, ಲೂಟಿಯ ಆರೋಪವೂ ಅಂಟಿಲ್ಲ. ಇದರಿಂದ ಸಮಾಧಾನಪಡಬೇಕೇ ಎಂಬುದು ಬೇರೆ ಮಾತು. ಸಂಧಾನಕ್ಕೆ ಕೂರಬಲ್ಲ ಯಾವ ಗುಂಪೂ ಸುತ್ತ ಇಲ್ಲದ ಆಳ್ವಿಕೆ ಇದು. ಇಸ್ಲಾಮಿಗಳ ನಾಯಕ ಘನ್ನೂಶಿ, ಅವರ ಕಡುವೈರಿಯೂ ಬೆನ್ ಅಲಿ ಕಾಲದ ಅಭಿಮಾನಿಯೂ ಆದ ಅಬೀರ್ ಮೂಸಿ, ಇಬ್ಬರನ್ನೂ 2023ರಲ್ಲೇ ಬಂಧಿಸಲಾಯಿತು.

ಅಷ್ಟು ದೂರದ ಜಗಳಕ್ಕೂ ಭಾರತಕ್ಕೂ ಏನು ಸಂಬಂಧ?

ಗೊಬ್ಬರದ ಸಂಬಂಧ. ಡಿಎಪಿ ತಯಾರಿಸಲು ಬೇಕಾದ ಫಾಸ್ಫಾರಿಕ್ ಆಮ್ಲವನ್ನು ಭಾರತ ಆಮದು ಮಾಡಿಕೊಳ್ಳುವ ದೇಶಗಳಲ್ಲಿ ಟ್ಯುನೀಷಿಯಾವೂ ಒಂದು. ಅಲ್ಲಿನ ಸ್ಖೀರಾದ ಆಮ್ಲ ಕಾರ್ಖಾನೆಯಲ್ಲಿ ಭಾರತದ ಎರಡು ರಸಗೊಬ್ಬರ ಕಂಪನಿಗಳ ಪಾಲಿದೆ. ಗಾಫ್ಸಾದಲ್ಲಿ ಯುವಕರು ಹಳಿಯ ಮೇಲೆ ಕೂತರೆ ಅದಿರು ಬರುವುದಿಲ್ಲ, ಆಮ್ಲ ತಯಾರಾಗುವುದಿಲ್ಲ.

ಆ ಅದಿರನ್ನು ಸಂಸ್ಕರಿಸುವ ಇನ್ನೊಂದು ಊರು ಗಾಬೆಸ್. 1970ರ ದಶಕದಿಂದ ಅಲ್ಲಿನ ಸರ್ಕಾರಿ ಕಾರ್ಖಾನೆಗಳ ತ್ಯಾಜ್ಯ ಸಮುದ್ರಕ್ಕೆ, ಹೊಗೆ ಊರಿಗೆ. 2025ರ ಅಕ್ಟೋಬರ್‌ನಲ್ಲಿ ಶಾಲಾ ಮಕ್ಕಳು ಉಸಿರುಗಟ್ಟಿ ಆಸ್ಪತ್ರೆ ಸೇರಿದಾಗ ಊರಿಗೆ ಊರೇ ಬೀದಿಗೆ ಬಂತು, 21ರಂದು ಸಾರ್ವತ್ರಿಕ ಮುಷ್ಕರ ನಡೆಯಿತು. ಕರೆ ಕೊಟ್ಟದ್ದು ಯುಜಿಟಿಟಿಯ ಜಿಲ್ಲಾ ಶಾಖೆ.

ಗುಂಡು ಹಾರಿಸಿದವರಿಗೆ ಶಿಕ್ಷೆಯಾಯಿತೇ?

ಹೆಚ್ಚುಕಡಿಮೆ ಇಲ್ಲ. ಸರ್ಕಾರ ನೇಮಿಸಿದ ತನಿಖಾ ಆಯೋಗ 2012ರಲ್ಲಿ 338 ಮಂದಿ ಸತ್ತರೆಂದು ಹೇಳಿತು. 2021ರಲ್ಲಿ ರಾಜ್ಯಪತ್ರದಲ್ಲಿ ಅಧಿಕೃತ ಹುತಾತ್ಮರ ಪಟ್ಟಿ ಬಂದಾಗ ಅದರಲ್ಲಿದ್ದದ್ದು 129 ಹೆಸರು. ಬಿಟ್ಟುಹೋದವರ ಮನೆಯವರು ಇನ್ನೂ ಅಲೆಯುತ್ತಿದ್ದಾರೆ.

ಬೆನ್ ಅಲಿಗೆ ಅವನಿಲ್ಲದೆಯೇ ಜೀವಾವಧಿ ಶಿಕ್ಷೆಯಾಯಿತು, ಸೌದಿ ಅವನನ್ನು ಒಪ್ಪಿಸಲಿಲ್ಲ. ಅಂದಿನ ಒಳಾಡಳಿತ ಸಚಿವ, ಅಧ್ಯಕ್ಷರ ಭದ್ರತಾ ಮುಖ್ಯಸ್ಥರ ಶಿಕ್ಷೆಯನ್ನು ಸೇನಾ ಮೇಲ್ಮನವಿ ನ್ಯಾಯಾಲಯ 2014ರ ಏಪ್ರಿಲ್‌ನಲ್ಲಿ ಮೂರು ವರ್ಷಕ್ಕೆ ಇಳಿಸಿತು. ಅಷ್ಟರಲ್ಲಿ ಮೂರು ವರ್ಷ ಕಳೆದಿದ್ದರಿಂದ ಅವರು ಮನೆಗೆ ಹೋದರು.

ಆ ಬಳಿಕ ಸಿಹಾಮ್ ಬೆನ್ ಸದ್ರಿನ್ ಮುಖ್ಯಸ್ಥೆಯಾಗಿದ್ದ ಸತ್ಯ ಮತ್ತು ಘನತೆ ಆಯೋಗ ಸಾವಿರಾರು ಜನರ ಹೇಳಿಕೆ ಪಡೆದು ವಿಶೇಷ ನ್ಯಾಯಪೀಠಗಳಿಗೆ ಕಡತ ಕಳಿಸಿತು. ಮೊದಲ ವಿಚಾರಣೆ 2018ರ ಮೇ 29ರಂದು ಗಾಬೆಸ್‌ನಲ್ಲಿ ಆರಂಭವಾಯಿತು. 1991ರಲ್ಲಿ ಪೊಲೀಸರು ಎತ್ತಿಕೊಂಡು ಹೋದ, ಶವವೂ ಸಿಗದ ಕಮಾಲ್ ಮತ್ಮಾತಿ ಪ್ರಕರಣ ಅದು. ಆರೋಪಿಗಳು ನ್ಯಾಯಾಲಯಕ್ಕೆ ಬರುವುದಿಲ್ಲ, ಕರೆತರಬೇಕಾದ ಪೊಲೀಸರು ಕರೆತರುವುದಿಲ್ಲ, ವರ್ಷಕ್ಕೊಮ್ಮೆ ನ್ಯಾಯಾಧೀಶರ ವರ್ಗಾವಣೆಯಾಗಿ ಪೀಠದಲ್ಲಿ ಕೋರಂ ಇರುವುದಿಲ್ಲ. ಹೀಗೆ ಮುಂದೂಡಿಕೆಯ ಮೇಲೆ ಮುಂದೂಡಿಕೆ. ಆಯೋಗದ ಅಂತಿಮ ವರದಿಯ ಪುಟ ತಿದ್ದಿದ ಆರೋಪ ಹೊರಿಸಿ 2024ರ ಆಗಸ್ಟ್‌ನಲ್ಲಿ ಜೈಲಿಗೆ ಕಳಿಸಿದ್ದು ಬೆನ್ ಸದ್ರಿನ್ ಅವರನ್ನೇ. ಆರು ತಿಂಗಳ ನಂತರ, ಉಪವಾಸ ಮುಷ್ಕರದ ಬಳಿಕ, ಅವರನ್ನು ಬಿಟ್ಟರು.